ಹಂಚಿನ ಪ್ರಫುಲ್ಲಕ್ಕ ಲೋಕಸಭೆಗೆ ನಿಂತದ್ದು

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಕುಂದಾಪುರದ ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ ಪ್ರಫುಲ್ಲಾ ಶೆಟ್ಟಿ ಭಟ್ಟಿಯಿಂದ ಆಗಷ್ಟೇ ತೆಗೆದ ಹಂಚುಗಳನ್ನು ಬೆರಳ ಗಂಟಿನಿಂದ ಬಡಿದು ನೋಡುತ್ತಿದ್ದರು. ಚೆನ್ನಾಗಿ ಬೆಂದ ಹಂಚು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ದನಿ ಅಲ್ಲೇ ನಿಂತುಬಿಡುತ್ತದೆ. ಅದು ಅಲ್ಲಿ ಅವರ ಕೊನೆಯ ಬೆಳಗು. ಅಜ್ಜ ಕಟ್ಟಿ, ಅಪ್ಪ ನಡೆಸಿ, ತಾವು ಇಪ್ಪತ್ತು ವರ್ಷ ಕಾಪಾಡಿದ ಕಂಪನಿಯನ್ನು ತಮ್ಮ ರವಿಚಂದ್ರನಿಗೆ ಬಿಟ್ಟು ಅವರು ಲೋಕಸಭೆ ಚುನಾವಣೆಗೆ ನಿಲ್ಲುವವರಿದ್ದರು.

“ನಿಂಗೊಂದ್ ಕುರ್ಚಿ ಇಟ್ಟಿರ್ತೆ ಅಕ್ಕ,” ಎಂದ ರವಿಚಂದ್ರ.

“ಇಡ್ಬೇಡ. ಕುರ್ಚಿ ಇತ್ತ್ ಅಂದ್ರೆ ನನ್ ಅರ್ಧ ಮನ್ಸ್ ಇಲ್ಲೇ ಉಳಿತ್ತ್.”

“ಸೋತ್ರೆ ನೀ ಎಂತ ಮಾಡ್ತೆ?”

“ಮನೆಗ್ ಬತ್ತೆ. ಕಾರ್ಖಾನೆಗಲ್ಲ.”

ಮನೆಗಳಿಗೆ ಹಂಚಿನ ಬದಲು ತಗಡಿನ ಮಾಡು ಬಂದ ಮೇಲೆ ಸುತ್ತಲಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದವು. ಜೇಡಿಮಣ್ಣು ತೆಗೆಯುವ ಅನುಮತಿಗಾಗಿ ಪ್ರಫುಲ್ಲಾ ಹತ್ತಿದ ಕಚೇರಿ ಮೆಟ್ಟಿಲುಗಳಲ್ಲೆಲ್ಲ ಸಿಕ್ಕ ಉತ್ತರ ಒಂದೇ: ಇದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ. ಅದನ್ನು ಕೇಳಿದ ಬೇರೆಯವರು ಮನೆಗೆ ಮರಳಿದರು. ಪ್ರಫುಲ್ಲಾ ಮಾತ್ರ ಅದನ್ನು ವಿಳಾಸ ಎಂದು ತಿಳಿದುಕೊಂಡರು.

ಪ್ರಚಾರದ ಕರಪತ್ರದಲ್ಲಿ ಹತ್ತು ಭರವಸೆಗಳಿದ್ದವು. ಕುಂಭಾಶಿಯ ಸಭೆಯಲ್ಲಿ ಅವನ್ನು ಓದಿ ಮುಗಿಸಿದಾಗ ಬೆಳ್ಳಿ ಎಂಬ ಹೆಂಗಸು ಎದ್ದು ನಿಂತಳು. ಹಿಂದಿನ ವರ್ಷ ಮನೆ ಕಟ್ಟಿಸಿ, ಮಾಡಿಗೆ ಇವರದೇ ಹಂಚು ಹೊದೆಸಿದವಳು.

“ಹ್ವಾಯ್ ಪ್ರಫುಲ್ಲಕ್ಕ, ಹಂಚ್ ಕೊಡುವಾಗ ಒಡಕ್ ಎಷ್ಟ್ ಅಂತ ಮೊದ್ಲೇ ಹೇಳಿದ್ರಿ. ಈ ಹತ್ತರಗೆ ಎಷ್ಟ್ ಒಡಿತ್ತ್?”

ಜನ ನಕ್ಕರು. ಆದರೆ ಅದು ಆ ಮನೆತನದ ಪದ್ಧತಿಯೇ ಆಗಿತ್ತು. ಲಾರಿ ಹೊರಡುವ ಮೊದಲು ನೂರಕ್ಕೆ ಎಷ್ಟು ಹಂಚು ದಾರಿಯಲ್ಲಿ ಒಡೆಯಬಹುದೆಂದು ಗಿರಾಕಿಯ ಎದುರೇ ಹೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ಒಡೆದರೆ ಯಜಮಾನರೇ ಹೋಗಿ ಒಪ್ಪಿಕೊಳ್ಳಬೇಕು.

ಪಕ್ಷದ ಪ್ರಚಾರ ನೋಡಿಕೊಳ್ಳುತ್ತಿದ್ದ ಸುಧಾಕರ ಪಿಸುಗುಟ್ಟಿದ: “ಒಂದೂ ಇಲ್ಲ ಅಂತ ಹೇಳಿ ಅಕ್ಕ. ಬೇಗ ಹೇಳಿ.”

ಪ್ರಫುಲ್ಲಾ ಕರಪತ್ರವನ್ನು ಮತ್ತೆ ಮೇಲಿನಿಂದ ಕೆಳಗೆ ಓದಿದರು. ನಗು ಎಲ್ಲಿಯೋ ಇಂಗಿತು.

“ನಾಲ್ಕ್ ಒಡಿತ್ತ್,” ಎಂದರು ಮೈಕಿನಲ್ಲಿ. ಈಡೇರದೆ ಹೋಗಬಹುದಾದ ಭರವಸೆಗಳು ಯಾವ ನಾಲ್ಕು ಎಂಬುದನ್ನೂ ಹೇಳಿದರು.

ಜೀಪಿನಲ್ಲಿ ಸುಧಾಕರನಿಗೆ ತಡೆಯಲಾಗಲಿಲ್ಲ. “ನೀವ್ ಹಂಚ್ ಮಾರುಕೆ ಬಂದದ್ದಲ್ಲ ಅಕ್ಕ. ಓಟ್ ಕೇಂಬುಕೆ ಬಂದದ್ದ್.”

“ಒಡುದನ್ನ ಒಡುದಿಲ್ಲ ಅಂತ ಹೇಳಿ ಮಾರಿ ನಂಗ್ ಅಭ್ಯಾಸ ಇಲ್ಲ ಮಾರಾಯಾ.”

ಮರುದಿನ ಎದುರು ಪಕ್ಷದವರು ಆ ಮಾತನ್ನು ಆಟೋಗೆ ಕಟ್ಟಿದ ಧ್ವನಿವರ್ಧಕದಲ್ಲಿ ಬ್ರಹ್ಮಾವರದ ಪೇಟೆ ತುಂಬ ಕೇಳಿಸಿದರು: ನಾಲ್ಕ್ ಒಡಿತ್ತ್, ನಾಲ್ಕ್ ಒಡಿತ್ತ್. ಬಾಯಿ ತಪ್ಪಿ ಬಂದ ಮಾತೆಂದು ಹೇಳಿಕೆ ಕೊಡಿ ಎಂದು ಪಕ್ಷದ ಹಿರಿಯರು ಫೋನು ಮಾಡಿದರು. ಪ್ರಫುಲ್ಲಾ ಕೊಡಲಿಲ್ಲ. ಸೋತರೆ ಕೂರಲು ಕಾರ್ಖಾನೆಯಲ್ಲಿ ಕುರ್ಚಿಯೂ ಇಲ್ಲದ ಹೆಂಗಸು ಅಷ್ಟು ನಿರಾಳವಾಗಿ ಹೇಗಿದ್ದರೋ ಎಂದು ಸುಧಾಕರ ಈಗಲೂ ಅಚ್ಚರಿಪಡುತ್ತಾನೆ.

ಎಣಿಕೆಯ ದಿನ ಮಧ್ಯಾಹ್ನದವರೆಗೂ ಹಿಂದಿದ್ದ ಪ್ರಫುಲ್ಲಾ ಸಂಜೆಗೆ ಗೆದ್ದರು. ಅಂತರ ದೊಡ್ಡದಲ್ಲ. ಆದರೆ ಕುಂಭಾಶಿಯಲ್ಲಿ ಹತ್ತರಲ್ಲಿ ಏಳು ಓಟು ಅವರಿಗೇ ಬಿದ್ದಿತ್ತು.

ಅವಧಿಯ ಕೊನೆಯ ವರ್ಷ ಅದೇ ಊರಿನವರು ಸನ್ಮಾನಕ್ಕೆ ಕರೆದರು. ಮತ್ತೊಂದು ಚುನಾವಣೆ ಹತ್ತಿರದಲ್ಲಿತ್ತು. ಹಳೆಯ ಭರವಸೆಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಶಾಲು ಹೊದೆಸಿದರು, ಹೊಗಳಿದರು. ಪ್ರಫುಲ್ಲಾ ಎದ್ದು ಶಾಲು ಮಡಚಿಟ್ಟು, ಸಾಲಿನಲ್ಲಿ ಬೆಳ್ಳಿಯನ್ನು ಹುಡುಕಿ, ಅವಳತ್ತ ತಿರುಗಿ ಹೇಳಿದರು:

“ನಾನ್ ಹೇಳಿದ್ ಲೆಕ್ಕ ತಪ್ಪಿತ್ ಬೆಳ್ಳಿ. ಒಡದದ್ದ್ ಐದ್.”