ಮೂರು ಗೇಜು, ನಾಲ್ಕು ಟೈರು

ನಮ್ಮದು ಬಾಳ್ಳುಪೇಟೆ ಪಕ್ಕದ ಸಣ್ಣ ಕಾಫಿ ತೋಟ. ಯಜಮಾನರು ಹಳೆಯ ಕಾರೊಂದನ್ನು ಕೊಂಡಿದ್ದು ನನಗಾಗಿ. ಹಿಂದಿನ ಹೆರಿಗೆಯಲ್ಲಿ ಬಸ್ಸಿಗೆ ಕಾದು ತಡವಾಗಿ, ಹಾಸನದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಉಳಿದಿರಲಿಲ್ಲ. ಎಂಬತ್ತನೇ ಇಸವಿಯ ಸುಮಾರಿಗೆ ನಾನು ಮತ್ತೆ ತುಂಬು ಬಸುರಿ. ಈ ಸಲ ದಾರಿಯಲ್ಲಿ ಟೈರು ಕೈಕೊಡಬಾರದೆಂದು ಅವರು ಹಟ ಹಿಡಿದರು.

ಅವರ ಹಟ ಸಾಮಾನ್ಯದ್ದಲ್ಲ. ಟೈರಿನ ಗಾಳಿ ಅಳೆಯಲು ಲೋಕಕ್ಕೆಲ್ಲ ಒಂದು ಗೇಜು ಸಾಕಾದರೆ ಅವರು ಮೂರು ತರಿಸಿದರು. ಮಂಗಳೂರಿನದೊಂದು, ಬೆಂಗಳೂರಿನದೊಂದು, ಬೊಂಬಾಯಿಯಿಂದ ನಮ್ಮ ಭಾವ ಕಳಿಸಿದ ಪೆನ್ನಿನಂಥದ್ದೊಂದು. ಮೂರೂ ಬೇರೆ ಬೇರೆ ಅಂಕಿ ತೋರಿಸಿದವು. ಯಾವುದನ್ನು ಇಟ್ಟುಕೊಳ್ಳುವುದೆಂದು ಪರೀಕ್ಷೆ ಶುರುವಾಯಿತು. ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ ಬಂದು ಟೈರುಗಳ ಹಾಜರಿ ಹಾಕುತ್ತಿದ್ದರು. ಒಂದೊಂದು ಟೈರಿಗೂ ಮೂರೂ ಗೇಜು, ಅನುಮಾನ ಬಂದರೆ ಮತ್ತೊಮ್ಮೆ. ಅನುಮಾನ ಬಾರದ ದಿನವೇ ಇರಲಿಲ್ಲ. ಆ ಪುಸ್ ಪುಸ್ ಸದ್ದಿಗೆ ನಮ್ಮ ಬೆಕ್ಕು ಅಂಗಳಕ್ಕೆ ಬರುವುದನ್ನೇ ಬಿಟ್ಟಿತು.

ಎರಡು ವಾರದಲ್ಲಿ ಮೂರರ ಅಂಕಿಯೂ ಇಳಿಯತೊಡಗಿತು. ಮೂರೂ ಕೆಟ್ಟಿವೆ ಎಂದು ತೀರ್ಮಾನಿಸಿ ನಾಲ್ಕನೆಯದಕ್ಕೆ ಕಾಗದ ಬರೆದರು. ಮನೆಯಲ್ಲಿ ಗಾಳಿ ಹೊಡೆಯುವ ಪಂಪು ಮಾತ್ರ ಇರಲಿಲ್ಲ.

ನಾಲ್ಕನೆಯ ಗೇಜು ಬರುವ ಮೊದಲೇ ಒಂದು ಬೆಳಿಗ್ಗೆ ನನಗೆ ನೋವು ಬಂತು. ಅತ್ತೆಯೂ ನಾನೂ ಹಿಂದಿನ ಸೀಟಿನಲ್ಲಿ ಕೂತೆವು. ಕಾರು ತೋಟದ ಗೇಟಿನವರೆಗೆ ತೆವಳಿ, ಹಿಂದಿನ ಎರಡೂ ಟೈರು ಚಪ್ಪಟೆಯಾಗಿ ನಿಂತಿತು. ನನಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು.

ಪುಣ್ಯಕ್ಕೆ ಕಾಫಿ ಮೂಟೆ ಹೇರಿಕೊಂಡ ಲಾರಿಯೊಂದು ನಿಂತಿತು. ಡ್ರೈವರ್ ಟೈರು ನೋಡಿದ, ನಮ್ಮವರ ಕೈಯಲ್ಲಿದ್ದ ಗೇಜು ನೋಡಿದ.

"ದಿನಾ ಇಟ್ಟು ನೋಡ್ತಿದ್ರಾ ಸಾರ್?"

"ದಿನಾ. ಮೂರರಲ್ಲೂ."

"ಇಟ್ಟಾಗೆಲ್ಲ ಒಸಿ ಗಾಳಿ ಹೋಗ್ತೈತೆ ಕಣ್ರೀ. ಎಲ್ಲ ನೀವೇ ತೆಗ್ದುಬುಟ್ಟಿದೀರಿ. ಹತ್ತಿ, ಅಮ್ಮಾರಿಗೆ ಹೊತ್ತಾಯ್ತದೆ."

ಅತ್ತೆ, ನಾನು ಮುಂದೆ. ಅವರು ಹಿಂದೆ ಮೂಟೆಗಳ ಮೇಲೆ. ಹಾಸನದವರೆಗೂ ನಾನು ಅವರಿಗೆ ಮನಸ್ಸಿನಲ್ಲೇ ಮಾಡಿದ ಮಂಗಳಾರತಿ ಇಲ್ಲಿ ಬರೆಯುವಂಥದ್ದಲ್ಲ.

ಮಧ್ಯಾಹ್ನ ಮಗಳು ಹುಟ್ಟಿದಳು, ಜೋರಾಗಿಯೇ ಅತ್ತಳು. ನರ್ಸ್ ತೂಗಿ, ತೂಕ ಚೆನ್ನಾಗಿದೆ ಎಂದರು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಮೆಲ್ಲಗೆ, "ಬೇರೆ ತಕ್ಕಡಿ ಇದ್ರೆ ಅದ್ರಲ್ಲೂ ಒಂದ್ಸಲ ನೋಡ್ತೀರಾ?" ಎಂದರು.

ನರ್ಸ್ ನಕ್ಕರು. ನಾನು ಬೈಯಬೇಕೆಂದು ಬಾಯಿ ತೆರೆದೆ. ಬೆಳಿಗ್ಗೆಯ ಗೇಜನ್ನು ಅವರು ಇನ್ನೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಇದ್ದರು.

"ನೋಡಿಬಿಡಿ ಸಿಸ್ಟರ್," ಎಂದೆ. "ಇನ್ನೊಂದ್ಸಲ ತೂಗಿ."