ಟೀಟ್ಯೆನ್ ಕರೆಗಂಟೆ ಒತ್ತಿದರೆ

ವೀಸೆನ್‌ಬ್ರೋಕ್ ಎಂಬ ಸಣ್ಣ ಊರಿನ ಮೇಯರ್ ಹೆನ್ನಿಂಗ್ ಟೀಟ್ಯೆನ್‌ಗೆ ಆ ಶುಕ್ರವಾರ ಮಧ್ಯಾಹ್ನದೊಳಗೇ ಸಾಕುಸಾಕಾಗಿತ್ತು. ಒಂದು ಚರಂಡಿ ಜಗಳ, ಒಂದು ಶಿಶುವಿಹಾರದ ಉದ್ಘಾಟನೆ, ಅಗ್ನಿಶಾಮಕ ದಳದವರು ಬಲವಂತ ಮಾಡಿ ತಿನ್ನಿಸಿದ ಸಾಸೇಜು, ಮೂರೂ ಹೊಟ್ಟೆಯಲ್ಲಿ ಒಟ್ಟಿಗೆ ಕುಳಿತಿದ್ದವು. ಸಂಜೆ ಪಕ್ಷದವರು ಸೇರಿ ರಾಜ್ಯದ ವಿಧಾನಸಭೆಗೆ ಅಭ್ಯರ್ಥಿಯನ್ನು ಆರಿಸುವವರಿದ್ದರು. ಎದುರಿಗೆ ನಿಂತು ಮಾತಾಡಿದವನಿಗೆ ಓಟು, ಬಾರದವನಿಗೆ ಇಲ್ಲ.

"ಅದಕ್ಕೆ ಮುಂಚೆ ಮೆಟಾ ಬ್ರಾಂಡೆಸ್ ಅಜ್ಜಿ ಮನೆಗೆ ಹೋಗ್ಬನ್ನಿ ಸಾಹೇಬ್ರೇ," ಎಂದಳು ಕಚೇರಿ ನೋಡಿಕೊಳ್ಳುವ ಫ್ರೌಕೆ. "ಮೇಯರ್ ಹೋಗಿ ಹಾರೈಸೋ ಪದ್ಧತಿ ಇದೆಯಲ್ಲ, ಅಜ್ಜಿಗೆ ತೊಂಬತ್ತು ತುಂಬುತ್ತೆ."

"ಅದು ನಾಳೆ ಅಲ್ವೇನಮ್ಮಾ?"

"ನಾಳೆ ನೀವು ಅಭ್ಯರ್ಥಿ. ಫೋಟೋ ತೆಗೆಸೋಕೆ ಹ್ಯಾನೋವರಿಗೆ ಹೋಗ್ಬೇಕು."

"ಒಂದು ದಿನ ಮುಂಚೆ ಹೋದ್ರೆ ಅಜ್ಜಿ ಕೋಲು ತಗೊಂಡು ಬರ್ತಾಳೆ."

"ಶುಭಾಶಯ ಅಂತ ಮಾತ್ರ ಬಾಯಿಬಿಡ್ಬೇಡಿ. ಉಡುಗೊರೆ ಬುಟ್ಟಿ ಇಟ್ಟು, ಕಾಫಿ ಕುಡಿದು ಎದ್ದುಬನ್ನಿ. ಪಾದ್ರಿಗಳೂ ನಾಳೆ ಊರಲ್ಲಿ ಇರಲ್ವಂತೆ, ಅವರನ್ನೂ ಕರ್ಕೊಂಡು ಹೋಗಿ. ಇಬ್ರದ್ದೂ ಒಂದೇ ಸಲ ಮುಗಿಯುತ್ತೆ."

ಹುಟ್ಟುಹಬ್ಬಕ್ಕೆ ಒಂದು ಗಳಿಗೆ ಮುಂಚೆ ಹಾರೈಸಿದರೂ ಕೇಡು ಎಂದು ಇಲ್ಲಿ ದೇವರನ್ನು ನಂಬದವರೂ ನಂಬುತ್ತಾರೆ. ಟೀಟ್ಯೆನ್‌ಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ದಣಿದ ಮನುಷ್ಯ ಯಾರು ಏನು ಹೇಳಿದರೂ ಹೂಂ ಎನ್ನುತ್ತಾನೆ.

ಅವನ ಅಪ್ಪ ಹಾಲಿನ ಲಾರಿ ಓಡಿಸುತ್ತಿದ್ದ. "ಸರ್ಕಾರಿ ಕೆಲಸ ಹಿಡಿ, ನನ್ನ ಹಾಗೆ ನಸುಕಿಗೆ ಏಳೋದು ತಪ್ಪುತ್ತೆ," ಎಂದು ಮಗನನ್ನು ಪೊಲೀಸಿಗೆ ಸೇರಿಸಿದ. ಏಳುವುದೇನೂ ತಪ್ಪಲಿಲ್ಲ. ಮೊದಲ ವರ್ಷಗಳೆಲ್ಲ ಅಣುತ್ಯಾಜ್ಯದ ರೈಲು ತಡೆಯಲು ಹಳಿಯ ಮೇಲೆ ಕೂತ ರೈತರನ್ನು ಕೈಕಾಲು ಹಿಡಿದು ಎತ್ತುವುದರಲ್ಲೇ ಹೋದವು. ಒಮ್ಮೆ ನೋಡಿದರೆ ಕೈಗೆ ಸಿಕ್ಕವನು ಸ್ವಂತ ಸೋದರಮಾವ. "ಸೊಂಟ ಹುಷಾರು ಕಣೋ, ನಾನು ಭಾರ ಇದೀನಿ," ಎಂದು ಆ ಮಹರಾಯ ಎತ್ತಿಸಿಕೊಳ್ಳುತ್ತಲೇ ಬುದ್ಧಿ ಹೇಳಿದ್ದ. ಅಂದು ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ.

ಆಮೇಲೆ ವೀಸೆನ್‌ಬ್ರೋಕ್‌ನ ಠಾಣೆ ಸಿಕ್ಕಿತು. ಕಳುವಾದ ಸೈಕಲ್ಲು, ಬೇಲಿಯ ತಕರಾರು, ಕುಡಿದವರನ್ನು ಮನೆ ಮುಟ್ಟಿಸುವುದು, ಇವೆಲ್ಲ ಹೇಗೋ ನಡೆದುಹೋಗುತ್ತಿದ್ದವು. ಅವನನ್ನು ಒಳಗೊಳಗೇ ತಿಂದದ್ದು ಸಾವಿನ ಸುದ್ದಿ. ಅದನ್ನು ಫೋನಿನಲ್ಲಿ ಹೇಳುವಂತಿಲ್ಲ, ಮನೆಗೇ ಹೋಗಬೇಕು. ಒಬ್ಬನೇ ಹೋಗುವಂತಿಲ್ಲ, ಪಾದ್ರಿ ಜೊತೆಗಿದ್ದರೆ ಒಳ್ಳೆಯದು. ಹೊಸಿಲಲ್ಲಿ ಹೇಳುವಂತಿಲ್ಲ, ಒಳಗೆ ಬರಬಹುದೇ ಎಂದು ಕೇಳಿ, ಕೂರಿಸಿ, ಸುತ್ತುಬಳಸದೆ 'ಸತ್ತಿದ್ದಾರೆ' ಎಂಬ ಮಾತನ್ನೇ ಹೇಳಬೇಕು. ಊರಿನ ಎಷ್ಟೋ ಮನೆಗಳಲ್ಲಿ ಅವನು ಹಾಗೆ ಹೇಳಿದ್ದ. ಮೆಟಾ ಬ್ರಾಂಡೆಸಳ ಮಗ ಡೀಟ್ಮಾರ್ ಬೈಕಿನಲ್ಲಿ ಹೋಗಿ ಮರಕ್ಕೆ ಗುದ್ದಿದಾಗಲೂ ಹೇಳಿದವನು ಅವನೇ.

ಒಂದು ದಿನ ಸರ್ಕಾರ ಆ ಠಾಣೆಯನ್ನೇ ಮುಚ್ಚಿತು. ಟೀಟ್ಯೆನ್ ಪುರಸಭೆಗೆ ನುಗ್ಗಿ, ಬದುಕಿನಲ್ಲಿ ಮೊದಲ ಸಲ ಗಂಟಲು ಹರಿಯುವಂತೆ ಕೂಗಿದ. ಜನ ಚಪ್ಪಾಳೆ ಹೊಡೆದರು, ಪಕ್ಷದವರು ಕಣ್ಣಿಟ್ಟರು, ನೋಡುನೋಡುತ್ತಿದ್ದಂತೆ ಅವನು ಮೇಯರ್. ಆದರೆ ಠಾಣೆ ತೆರೆಸುವ ಅಧಿಕಾರ ಮೇಯರನಿಗೆ ಎಲ್ಲಿದೆ? ಅದಕ್ಕೆ ವಿಧಾನಸಭೆಗೇ ಹೋಗಬೇಕು. ಆಸೆ ಎಂದು ಅವನಿಗೆ ಉಳಿದದ್ದು ಅದೊಂದೇ, ಅರವತ್ತು ದಾಟಿದವನಿಗೆ ಮತ್ತೊಂದು ಅವಕಾಶವೂ ಇರಲಿಲ್ಲ.

ಪಾದ್ರಿ ಎಗ್ಗರ್ಸ್ ಯಾರದೋ ಮಣ್ಣು ಮುಗಿಸಿಕೊಂಡು ಕರಿ ಕೋಟಿನಲ್ಲೇ ಕಾರು ಹತ್ತಿದರು. ಮೆಟಾಳ ಬಾಗಿಲಲ್ಲಿ ಟೀಟ್ಯೆನ್ ಅಭ್ಯಾಸದಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬುಟ್ಟಿ ಕಾರಿನಲ್ಲೇ ಉಳಿದಿತ್ತು. ಗಂಟೆ ಒತ್ತಿದ.

ಮುದುಕಿ ಬಾಗಿಲು ತೆರೆದಳು. ಟೋಪಿ ನೋಡಿದಳು, ಕರಿ ಕೋಟು ನೋಡಿದಳು.

"ಒಳಗೆ ಬರಬಹುದಾ ಅಜ್ಜಿ?" ಎಂದ ಟೀಟ್ಯೆನ್.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ತಾನೇನು ಮಾಡಿದೆ ಎಂದು ಹೊಳೆಯಿತು. ಮೆಟಾ ಗೋಡೆ ಹಿಡಿದು ಹಾಗೇ ಕುಸಿದಳು.

"ಹೈಕೆ," ಎಂದಳು. "ನನ್ನ ಹೈಕೆಗೆ ಏನಾಯ್ತು? ಹೇಳ್ಬಿಡು ಹೆನ್ನಿಂಗ್."

ಮಗಳು ಹೈಕೆ ಅಮ್ಮನ ಹುಟ್ಟುಹಬ್ಬಕ್ಕೆಂದು ಆ ಹೊತ್ತಿಗೆ ಕಾಸೆಲ್‌ನಿಂದ ಕಾರಿನಲ್ಲಿ ಬರುತ್ತಿದ್ದಳು. ಗಂಡಸರಿಬ್ಬರೂ ಅಜ್ಜಿಯನ್ನು ಎತ್ತಿ ಕುರ್ಚಿಗೆ ಕೂರಿಸಿದರು. ಯಾರಿಗೂ ಏನೂ ಆಗಿಲ್ಲ, ನಿಮ್ಮ ಹುಟ್ಟುಹಬ್ಬಕ್ಕೆ ಬಂದಿದ್ದು ಎಂದು ಟೀಟ್ಯೆನ್ ಆಣೆ ಮಾಡಿದ.

"ಸುಳ್ಳು. ಹುಟ್ಟಿದಬ್ಬ ನಾಳೆ. ಮುಂಚಿನ ದಿನ ಯಾರಾದ್ರೂ ಬರ್ತಾರಾ? ನಿಂಗೇನು ತಲೆ ಕೆಟ್ಟಿದ್ಯಾ?"

ಓಡಿಹೋಗಿ ಬುಟ್ಟಿ ತಂದು ತೋರಿಸಿದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಹೈಕೆಯ ಫೋನಿಗೆ ಮಾಡಿದರೆ ಸ್ವಿಚ್ ಆಫ್. ಕಾರು ಓಡಿಸುವಾಗ ಹಾಗೆ ಇಡುತ್ತಾಳೆ ಎಂದು ಮೆಟಾಳಿಗೂ ಗೊತ್ತು, ಗೊತ್ತಿದ್ದು ಏನು ಬಂತು? ಟೀಟ್ಯೆನ್ ಹಿತ್ತಲಿಗೆ ಹೋಗಿ, ಹೆದ್ದಾರಿ ಪೊಲೀಸಿನಲ್ಲಿದ್ದ ಹಳೆಯ ಗೆಳೆಯನಿಗೆ ಫೋನು ಹಚ್ಚಿದ.

"ಕಾಸೆಲ್ ಕಡೆಯಿಂದ ಬರೋ ದಾರೀಲಿ ಅಪಘಾತ, ಒಂದು ಲಾರಿ, ಒಂದು ಕಾರು ಕಣಯ್ಯಾ," ಎಂದ ಗೆಳೆಯ. "ಗಾಡಿಗಳೆಲ್ಲ ನಿಂತ್ಬಿಟ್ಟಿವೆ. ಕಾರಲ್ಲಿದ್ದ ಹೆಂಗಸು ಉಳಿದಿಲ್ಲ. ಹೆಸರು ಇನ್ನೂ ಬಂದಿಲ್ಲ. ಬೂದು ಬಣ್ಣದ ಕಾರಂತೆ."

ಟೀಟ್ಯೆನ್ ಒಳಗೆ ಬಂದ. ಹೈಕೆಯ ಕಾರು ಯಾವ ಬಣ್ಣದ್ದೆಂದು ಕೇಳಲು ನಾಲಿಗೆ ಏಳಲಿಲ್ಲ. "ಹೆದ್ದಾರೀಲಿ ಗಾಡಿಗಳು ನಿಂತಿವೆಯಂತೆ, ತಡ ಆಗುತ್ತೆ," ಎಂದಷ್ಟೇ ಹೇಳಿದ. ಮೆಟಾ ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖವನ್ನು ಓದಲು ಅವಳು ಹಿಂದೊಮ್ಮೆ ಕಲಿತಿದ್ದಳು.

ಪಾದ್ರಿಗಳಿಗೆ ಚರ್ಚಿನ ಗಾಯನ ಅಭ್ಯಾಸದ ಹೊತ್ತಾಯಿತು. ಬಿಟ್ಟುಹೋಗಲು ಮನಸ್ಸಿಲ್ಲದೆ ಬಾಗಿಲಲ್ಲೇ ತಡವರಿಸಿದರು.

"ಅವರು ಹೋಗ್ಲಿ," ಎಂದಳು ಮೆಟಾ. "ನೀನು ಕೂತ್ಕೋ. ಅವತ್ತು ಡೀಟ್ಮಾರನ ಸುದ್ದಿ ಹೇಳಿ ಮುಗಿಸಿದ್ದೇ ತಡ, ನಿನ್ನ ವೈರ್‌ಲೆಸ್ ಕಿರುಚ್ತು. ಎದ್ದು ಹೊರಟ್ಹೋದೆ. ನಾನು ಈ ಕುರ್ಚೀಲಿ, ಇದೇ ಕಾಫಿ ಬಟ್ಟಲು ಹಿಡ್ಕೊಂಡು ಬೆಳಗಾಗೋತನಕ ಕೂತಿದ್ದೆ. ನಿಂಗೆ ನೆನಪೂ ಇರಲ್ಲ."

ನೆನಪಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು. ಅಂಥ ಮನೆಗಳಿಂದ ಹೊರಬಿದ್ದ ಮೇಲೆ ಅವನು ಬೇರೆ ಕೆಲಸಕ್ಕೆ ಹೋಗುತ್ತಿದ್ದ. ಒಳಗಿದ್ದವರು ಏನು ಮಾಡುತ್ತಾರೆಂದು ನಿಂತು ನೋಡಿದವನಲ್ಲ.

ಸಂಜೆಯಾಯಿತು. ಫ್ರೌಕೆಯ ಫೋನು ಬಂತು.

"ಎಲ್ಲಿದ್ದೀರಾ? ಸಭೆ ಶುರುವಾಯ್ತು. ನಿಮ್ಮ ಎದುರಾಳಿ ಆ ವಕೀಲ ಆಗ್ಲೇ ಮೈಕ್ ಹಿಡಿದಿದಾನೆ!"

"ಬರೋಕಾಗಲ್ಲಮ್ಮಾ."

"ಸಾಹೇಬ್ರೇ, ಠಾಣೆ ಠಾಣೆ ಅಂತ ಇಷ್ಟು ವರ್ಷ ಪ್ರಾಣ ತಿಂದ್ರಲ್ಲಾ! ಐದು ನಿಮಿಷ ಬಂದು ಮಾತಾಡಿ ಹೋಗಿ!"

ಟೀಟ್ಯೆನ್ ಅಜ್ಜಿಯ ಕಡೆ ನೋಡಿದ. ಅವಳು ಅದೇ ಕುರ್ಚಿಯಲ್ಲಿ, ತಣ್ಣಗಾದ ಕಾಫಿ ಬಟ್ಟಲು ಹಿಡಿದು ಕೂತಿದ್ದಳು. ಠಾಣೆ ಕಣ್ಣೆದುರಿಗೇ ಇನ್ನೊಮ್ಮೆ ಮುಚ್ಚಿದಂತಾಯಿತು ಅವನಿಗೆ. "ವಕೀಲನಿಗೇ ಕೊಡ್ಲಿ ಬಿಡು," ಎಂದು ಫೋನು ಕೆಳಗಿಟ್ಟ. ಬಟ್ಟಲನ್ನು ಅವಳ ಕೈಯಿಂದ ಬಿಡಿಸಿ ಕಾಫಿ ಬಿಸಿ ಮಾಡಲು ಎದ್ದ.

ಇಬ್ಬರೂ ಕುಡಿದರು. ಆಮೇಲೆ ಮೆಟಾ ಡೀಟ್ಮಾರನ ವಿಷಯ ತೆಗೆದಳು. ಅವನು ಸೋಮಾರಿ, ಬೆಣ್ಣೆ ಕೇಕಿನ ಬಾದಾಮಿಯನ್ನಷ್ಟೇ ಹೆಕ್ಕಿ ತಿನ್ನುತ್ತಿದ್ದ, ಸುಳ್ಳು ಹೇಳಲು ಬಾರದ ಹುಡುಗ. ಟೀಟ್ಯೆನ್ ಎಲ್ಲವನ್ನೂ ಕೇಳಿಸಿಕೊಂಡ. ಕಿವಿಯೊಂದು ಮಾತ್ರ ರಸ್ತೆಯ ಕಡೆಗಿತ್ತು.

ಕತ್ತಲು ಇಳಿಯುವ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದಾಯಿತು. ಟೀಟ್ಯೆನ್ ಹೋಗಿ ಬಾಗಿಲು ತೆರೆದ. ಎದುರಿಗೆ ಹೈಕೆ, ಚೀಲ ಹಿಡಿದು, ಕೂದಲು ಕೆದರಿಕೊಂಡು, ಜೀವಂತ ನಿಂತಿದ್ದಳು. ಅವನಿಗೆ ನಗು ಬಂತು, ಅಳುವೂ ಬಂತು. ಅವಳು ಅವನ ಮುಖ ನೋಡಿದ್ದೇ ತಡ, ಚೀಲ ಕೈಜಾರಿ ಮೆಟ್ಟಿಲ ಮೇಲೆ ಬಿತ್ತು.

"ಅಮ್ಮ?" ಎಂದಳು. "ಅಮ್ಮ ಹೋಗ್ಬಿಟ್ಲಾ?"

"ಬದುಕಿದೀನಿ ಕಣೇ!" ಎಂದು ಒಳಗಿಂದ ಮುದುಕಿ ಅರಚಿದಳು. "ಫೋನ್ ಆಫ್ ಮಾಡ್ಕೊಂಡು ಬರ್ತಾಳೆ, ಕತ್ತೆ! ಬಾ ಒಳಗೆ!"

ಅಮ್ಮ ಮಗಳು ಒಬ್ಬರನ್ನೊಬ್ಬರು ಬೈಯುತ್ತಾ ಅಪ್ಪಿಕೊಂಡು ಅತ್ತರು. ಟೀಟ್ಯೆನ್ ಗೋಡೆಗೊರಗಿ ನಿಂತಿದ್ದ. ಹೆದ್ದಾರಿಯ ಆ ಬೂದು ಕಾರಿಗೂ ಒಂದು ಮನೆ ಇರುತ್ತದೆ, ಯಾವನೋ ಪೊಲೀಸ್ ಈಗ ಅಲ್ಲಿ ಟೋಪಿ ತೆಗೆಯುತ್ತಿರುತ್ತಾನೆ ಎಂದುಕೊಂಡ.

"ಹೊರಡ್ತೀನಿ ಅಜ್ಜಿ," ಎಂದ. "ತಪ್ಪಾಯ್ತು. ಇನ್ನು ನಿಮ್ಮ ಮನೆ ಕಡೆ ಮುಖ ತೋರಿಸಲ್ಲ."

"ಏನಂದೆ?" ಮೆಟಾ ಮಗಳನ್ನು ಬಿಟ್ಟು ಅವನ ತೋಳು ಹಿಡಿದಳು. "ನಾಳೆ ಬಾ, ಕೇಕ್ ತಿನ್ನೋಕೆ. ಆಚೆ ವಾರ ಬಾ. ಸುಮ್ನೆ ಬರ್ತಾ ಇರು ಹೆನ್ನಿಂಗ್. ನಿನ್ನ ಮುಖ ನೋಡಿದ್ರೆ ನಮಗೆ ಆಗೋ ಹೆದರಿಕೆ ಹೋಗೋತನಕ ಬರ್ತಾ ಇರು."