ಆ ಕಡೆಯ ಬಾಗಿಲು

ಹಳೆಯ ಕಾರಿನ ಕಿಟಕಿ ಗಾಜು ಇಳಿಯದಿದ್ದರೆ, ಲಾಕು ಹಟ ಹಿಡಿದು ಕೂತರೆ ಜನ ಹುಡುಕಿಕೊಂಡು ಬರುತ್ತಿದ್ದುದು ಗ್ಲಾಸಕ್ಕನ ಶೆಡ್ಡಿಗೆ. ಅಪ್ಪನಿಂದ ಕಲಿತ ಕೆಲಸ ಅದು. ತಪ್ಪು ತಂತಿ ಮುಟ್ಟಿದರೆ ಆತ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದ. ಆತ ಸತ್ತಾಗ ಅವಳು ಅಳಲಿಲ್ಲ, ಮರುದಿನವೇ ಶೆಡ್ಡು ತೆರೆದಳು.

ಒಂದು ಮಧ್ಯಾಹ್ನ ದಪ್ಪ ಕತ್ತಿನವನೊಬ್ಬ ಕಾರು ತಂದ. ಪಕ್ಕದ ಸೀಟಿನಲ್ಲಿ ಹೆಂಡತಿ. ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ನನ್ನ ಕಡೆ ಗಾಜು ಮೇಲೆ ಬರ್ತಿಲ್ಲ. ಅದಷ್ಟೇ ನೋಡು. ಆ ಕಡೆ ಬಾಗಿಲಿನ ತಂಟೆಗೆ ಹೋಗಬೇಡ," ಎಂದವನೇ ಸಿಗರೇಟು ತರಲು ಹೊರಟ.

ಅವನ ಕಡೆ ಸ್ವಿಚ್ಚಿನೊಳಗೆ ಕೊಳೆ ಕಟ್ಟಿತ್ತು. ಒರೆಸಿದೊಡನೆ ಗಾಜು ಸಲೀಸಾಗಿ ಏರಿತು. ಹೆಂಡತಿಯ ಕಡೆಯ ಬಾಗಿಲೋ ಒಳಗಿನಿಂದ ತೆರೆಯುತ್ತಲೇ ಇರಲಿಲ್ಲ. ಗ್ಲಾಸಕ್ಕ ಹೊರಗಿನಿಂದ ತೆರೆದು, ಕೀಲಿನ ಬಳಿಯ ರಬ್ಬರು ಸರಿಸಿ ನೋಡಿದಳು. ತಾನಾಗಿ ಸವೆದ ತಂತಿಯಾದರೆ ಎಳೆ ಎಳೆಯಾಗಿ ಬಿಟ್ಟಿರುತ್ತದೆ. ಇದನ್ನು ಇಕ್ಕಳದಿಂದ ಕತ್ತರಿಸಲಾಗಿತ್ತು. ಒಳಗಿನ ಹಿಡಿಕೆಯ ಸರಳನ್ನೂ ಕಳಚಿ ಹಾಕಲಾಗಿತ್ತು.

"ಯಾವಾಗಿಂದ ಹೀಗೆ?"

"ಓಡೋ ಕಾರಿಂದ ಹಾರೋಕೆ ಹೋಗಿದ್ದೆ ಅಕ್ಕ. ಆವತ್ತಿಂದ."

ಗ್ಲಾಸಕ್ಕ ಸರಳು ಸಿಕ್ಕಿಸಿದಳು, ತಂತಿ ಜೋಡಿಸಿದಳು. ಗಾಜನ್ನು ಅರ್ಧ ಇಳಿಸಿ ನೋಡುತ್ತಿದ್ದಾಗಲೇ ಗಂಡ ಬಂದುಬಿಟ್ಟ.

"ಹೇಳಿದ್ನೋ ಇಲ್ವೋ ನಿಂಗೆ?" ಎನ್ನುತ್ತ ಗ್ಲಾಸಕ್ಕನ ಜುಟ್ಟು ಹಿಡಿದು ಮುಖವನ್ನು ಬಾಗಿಲ ಅಂಚಿಗೆ ಅಪ್ಪಳಿಸಿದ. ಎರಡು ಹಲ್ಲು ಮುರಿದವು. ಬಿದ್ದವಳ ಪಕ್ಕೆಗೆ ಒದ್ದ.

ಹೆಂಡತಿ ಬಾಗಿಲೆಳೆದು ಲಾಕು ಹಾಕಿಕೊಂಡಳು. ಅವನು ಕಿಟಕಿಯೊಳಗೆ ಕೈ ತೂರಿಸಿ ಅವಳ ಕುತ್ತಿಗೆ ಹಿಸುಕಿದ. ಉಸಿರುಗಟ್ಟುತ್ತಿದ್ದಂತೆಯೇ ಅವಳು ತಡಕಾಡಿ ಸ್ವಿಚ್ಚು ಒತ್ತಿದಳು. ಏನಾದರೂ ಸಿಕ್ಕಿಕೊಂಡರೆ ತಾನಾಗಿ ನಿಲ್ಲುವ ಜಾಣತನ ಆ ಹಳೆಯ ಮೋಟರಿಗೆ ಇರಲಿಲ್ಲ. ಗಾಜು ಏರಿ ಅವನ ಮುಂಗೈಯನ್ನು ಚೌಕಟ್ಟಿಗೆ ಅದುಮಿತು. ಅವನು ಬೊಬ್ಬೆ ಹಾಕುತ್ತ ಇನ್ನೊಂದು ಮುಷ್ಟಿಯಿಂದ ಗಾಜು ಗುದ್ದಿದ. ಅವಳು ಬೆರಳು ತೆಗೆಯಲಿಲ್ಲ.

ಗಾಜು ಪುಡಿಯಾಗಿ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಗ್ಲಾಸಕ್ಕ ತೆವಳಿ ಸುತ್ತಿಗೆ ಹಿಡಿದಿದ್ದಳು. ಅವನ ಮೊಣಕಾಲಿಗೆ ಬೀಸಿದಳು. ಅವನು ಕುಸಿದ. ಮತ್ತೂ ಬೀಸಿದಳು. ಪಕ್ಕದ ಟೈರಿನಂಗಡಿಯವನು ಓಡಿಬಂದು ಅವಳ ತೋಳು ಹಿಡಿದುಕೊಂಡ.

"ಸಾಕು ಬಿಡಕ್ಕ, ಸತ್ತೇ ಹೋಗ್ತಾನೆ."

"ಹೋಗ್ಲಿ," ಎಂದು ಅವಳು ರಕ್ತ ಉಗಿದಳು.

ಅವನು ಸಾಯಲಿಲ್ಲ. ಊರುಗೋಲು ಊರಿಕೊಂಡೇ ಕೋರ್ಟಿಗೆ ಬಂದ, ಅಲ್ಲಿಂದ ಜೈಲಿಗೆ ಹೋದ. ಹೆಂಡತಿ ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿ ತನ್ನಕ್ಕನ ಮನೆ ಸೇರಿದಳು. ಸುತ್ತಿಗೆಯ ಏಟಿಗಾಗಿ ಗ್ಲಾಸಕ್ಕನೂ ಕೆಲಕಾಲ ಲಾಕಪ್ಪಿನಲ್ಲಿ ಕೂತಳು. ಅವಳಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಆದರೆ ಬಹಳ ಕಾಲ, ಸಣ್ಣ ತಂತಿಗೆ ಹಾಕಿದ ಬೆಸುಗೆ ಜಾಗ ತಪ್ಪುತ್ತಿತ್ತು. ತಪ್ಪಿದ್ದನ್ನು ಕಿತ್ತು ಮತ್ತೆ ಶುರುಮಾಡುತ್ತಿದ್ದಳು.